0.06ಕ್ಕೆ ಮೋಕ್ಷವಿಲ್ಲ

ತರಕಾರಿಯವನ ತಕ್ಕಡಿ ಒಂಚೂರು ವಾಲಿದರೂ ಜಗಳಕ್ಕೆ ನಿಲ್ಲುವ ಜನ ನಾವು. ಸಂಶೋಧಕರ ತಕ್ಕಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆ ತಕ್ಕಡಿಗೆ ಇರೋದು ಒಂದೇ ಗೆರೆ, 0.05. ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆಗೆ ಪಿ-ವ್ಯಾಲ್ಯೂ ಅಂತಾರೆ. ಅದು ಗೆರೆಗಿಂತ ಕೆಳಗೆ ಬಂದರೆ 'ಸಿಗ್ನಿಫಿಕೆಂಟ್' (ಗಣನೀಯ) ಎಂಬ ಬಿರುದು, ಪೇಪರ್, ಪಿಎಚ್‌ಡಿ. ನನ್ನ ಅಕ್ಕನ ಮಗಳಿಗೆ 0.06 ಬಂತು. ಗೈಡ್ ಮುಖ ಹುಳ್ಳಗೆ ಮಾಡಿಕೊಂಡು, "ಬೇರೆ ಟೆಸ್ಟ್ ಹಾಕಿ ನೋಡಮ್ಮ" ಎಂದರಂತೆ. ಎರಡು ಗುಂಪುಗಳನ್ನು ಹೋಲಿಸುವ ಟಿ-ಟೆಸ್ಟ್ ಒಪ್ಪದಿದ್ದರೆ, ಅದೇ ಕೆಲಸದ ಇನ್ನೊಂದು ಟೆಸ್ಟ್ ಮಾನ್-ವಿಟ್ನಿ. ಅದೂ ಮುನಿಸಿಕೊಂಡರೆ ಹೆಚ್ಚು, ಕಡಿಮೆ ಎರಡೂ ದಿಕ್ಕು ನೋಡುವ ಎರಡು ಬಾಲದ ಟೆಸ್ಟಿಗೆ ಒಂದು ಬಾಲ ಕತ್ತರಿಸುವುದು. ಜಾತಕ ಕೂಡದಿದ್ದರೆ ಜೋಯಿಸರನ್ನೇ ಬದಲಾಯಿಸಿದ ಹಾಗೆ, ಅಲ್ವಾ?

ಈ ಗೆರೆ ಎಳೆದದ್ದು ಬ್ರಹ್ಮನಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಇಪ್ಪತ್ತರಲ್ಲಿ ಒಂದು ಅನ್ನೋ ಮಿತಿ ಅನುಕೂಲ ಎಂದು ಬರೆದರು. ಅವರು ಅನುಕೂಲ ಅಂದರು, ನಾವು ಗುಡಿ ಕಟ್ಟಿದೆವು.

ಯಾವ ಟೆಸ್ಟ್ ಚುರುಕು ಅಂತ ತಿಳಿಯೋಕೆ ನೆಟ್ಟಗಿನ ದಾರಿ ಇದೆ. ನಿಜವಾಗಿ ವ್ಯತ್ಯಾಸ ಇದ್ದಾಗ ಅದು ನೂರಕ್ಕೆ ಎಷ್ಟು ಸಲ ಹಿಡಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಬೇಕು. ಇದಕ್ಕೆ ಪವರ್ ಅಂತಾರೆ. 1962ರಲ್ಲಿ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ಅಮೆರಿಕದ ಒಂದು ಮನಶ್ಶಾಸ್ತ್ರ ಪತ್ರಿಕೆಯ ಒಂದು ವರ್ಷದ ಲೇಖನಗಳನ್ನು ಹೀಗೆ ತೂಗಿ ನೋಡಿದರು. ಮಧ್ಯಮ ಗಾತ್ರದ ಪರಿಣಾಮವನ್ನು ಹಿಡಿಯುವ ಸಾಧ್ಯತೆ ಸರಾಸರಿ 48 ಪರ್ಸೆಂಟ್! ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು, ಸ್ಯಾಂಪಲ್ ಖರ್ಚೂ ಉಳಿಯುತ್ತಿತ್ತು. ಕಡೇಪಕ್ಷ 80 ಇರಲಿ ಎಂದು ಆಮೇಲೆ ಹೇಳಿದರು. ಎಲ್ಲರೂ ತಲೆದೂಗಿದರು. 1989ರಲ್ಲಿ ಇನ್ನಿಬ್ಬರು ಅದೇ ವಂಶದ ಪತ್ರಿಕೆಯನ್ನು ಮತ್ತೆ ತೂಗಿದರು. ಪವರ್ ಏರಿರಲೇ ಇಲ್ಲ. ತಲೆದೂಗಿದ್ದು ನಿದ್ದೆಗೆ ಇರಬೇಕು.

ಕಾಣದ್ದನ್ನು ಕಾಣಿಸುವ ಕಲೆಯೂ ಇದೆ. 2009ರಲ್ಲಿ ಕ್ರೇಗ್ ಬೆನೆಟ್ ತಂಡ ಒಂದು ಸಾಲ್ಮನ್ ಮೀನನ್ನು ಮೆದುಳಿನ ಚಟುವಟಿಕೆ ನೋಡುವ ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಲ್ಲಿ ಏನಿದೆ ಎಂದು ಕೇಳಿತು. ಮೀನು ಸತ್ತಿತ್ತು. ಅದನ್ನು ವರದಿಯಲ್ಲೂ ಗಂಭೀರವಾಗಿ ಬರೆದಿದ್ದರು. ಒಳಗಿನ ಸಾವಿರಾರು ಚುಕ್ಕೆಗಳಿಗೆ ಒಂದೊಂದು ಟೆಸ್ಟ್ ಹಾಕಿದರೆ, ಮೆದುಳಲ್ಲಿ ಕೆಲವು ಮಿನುಗಿದವು! ಇಷ್ಟೊಂದು ಟೆಸ್ಟ್ ಹಾಕಿದರೆ ಕೆಲವು ಬರೀ ಅದೃಷ್ಟದಿಂದಲೇ ಗೆರೆ ದಾಟುತ್ತವೆ. ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿದ ಮೇಲೆ ಮೀನು ಎರಡನೇ ಸಲ ಸತ್ತಿತು. ಬೇಕೆಂದೇ ಮಾಡಿದ ಈ ಕೀಟಲೆಗೆ 2012ರಲ್ಲಿ, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂತು. ಗಂಭೀರವಾಗಿ ಅದನ್ನೇ ಮಾಡಿದವರಿಗೆ ಪ್ರಮೋಷನ್ ಸಿಕ್ಕಿರುತ್ತೆ.

ನಮ್ಮ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಸ್ಯಾಂಪಲ್‌ನಲ್ಲಿ ಲೆಕ್ಕ ಕೆಡಿಸುತ್ತಿದ್ದ ಇಬ್ಬರನ್ನು 'ಔಟ್‌ಲೈಯರ್' (ಉಳಿದವರಿಗಿಂತ ತೀರಾ ಬೇರೆ) ಎಂದು ಆಚೆ ಹಾಕಿದಳಂತೆ. ಈಗ 0.049. ಮನೆಯಲ್ಲಿ ಪಾಯಸ.