ಆಯಿಯ 7.35, ನನ್ನ 7.35

ನಮ್ಮ ಮನೆಯಲ್ಲಿ ಬೆಳಗಿನ ವಾರ್ತೆ ಎರಡು ಸಲ ಆಗುತ್ತದೆ. ಅಡುಗೆಮನೆಯ ರೇಡಿಯೊದಲ್ಲಿ 7.35ಕ್ಕೆ ಸರಿಯಾಗಿ ಒಮ್ಮೆ. ಜಗಲಿಯಲ್ಲಿ ಕೂತ ನನ್ನ ಫೋನಿನಲ್ಲಿ ಸುಮಾರು ಅರ್ಧ ನಿಮಿಷ ತಡೆದು ಇನ್ನೊಮ್ಮೆ. ಅದೇ ಕಾರವಾರ ಆಕಾಶವಾಣಿ, ಅದೇ ದನಿ. ಒಳಗೆ ಮುಖ್ಯಾಂಶ ಮುಗಿಯುವ ಹೊತ್ತಿಗೆ ಹೊರಗೆ ನಮಸ್ಕಾರ ಶುರು.

"ತಮಾ, ಅಂವ ಹೇಳಿದ್ದನ್ನೇ ಮತ್ತೆ ಎಂತಕ್ಕೆ ಹೇಳ್ತಾ ಇದ್ದ?" ಅಂತ ಆಯಿ, ಅಂದರೆ ನನ್ನ ಅಮ್ಮ, ಕೇಳುತ್ತಾಳೆ. ದಿನಾ ಕೇಳುತ್ತಾಳೆ. ಒಂದು ದಿನ ನಾನು ಇಂಟರ್‌ನೆಟ್ಟು, ಸರ್ವರ್ರು ಅಂತೆಲ್ಲ ವಿವರಿಸಲು ಹೋದೆ. ಪೂರ್ತಿ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟೇ: "ಅಂದ್ರೆ ನಿಂದು ಹಳಸಿದ್ದು."

ಹನ್ನೆರಡು ಸಾವಿರ ಕೊಟ್ಟ ಫೋನು ಸ್ವಾಮಿ! ಇದಕ್ಕಿಂತ ಹಿಂದಿನದು ಮೂರು ಸಾವಿರದ್ದು, ಅದರಲ್ಲಿ ಎಫ್‌ಎಂ ಇತ್ತು. ಇಯರ್‌ಫೋನ್ ವೈರು ಸಿಕ್ಕಿಸಿದರೆ ಅದೇ ಏರಿಯಲ್ಲು. ಹೊಸದರಲ್ಲಿ ನಾಲ್ಕು ಕ್ಯಾಮೆರಾ ಇದೆ, ಎಫ್‌ಎಂ ಇಲ್ಲ, ವೈರು ಸಿಕ್ಕಿಸಲು ತೂತೂ ಇಲ್ಲ. ನನ್ನ ಒಂದೇ ಮುಖಕ್ಕೆ ನಾಲ್ಕು ಕ್ಯಾಮೆರಾ ಯಾಕೆ ಅಂತ ಅಂಗಡಿಯ ಹುಡುಗನನ್ನು ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಆಯಿ ಶಿರಸಿ ಕಡೆಯವಳು, ಅಂದರೆ ಧಾರವಾಡ ಆಕಾಶವಾಣಿಯ ಪ್ರಜೆ. 1950ರಲ್ಲಿ ಶುರುವಾದ ಆ ಕೇಂದ್ರದ 765 ಕಿಲೋಹರ್ಟ್ಸ್‌ನ ಅಲೆ, ಒಂದೊಂದೂ ಹೆಚ್ಚು ಕಡಿಮೆ 392 ಮೀಟರ್ ಉದ್ದದ್ದು, ಗುಡ್ಡ ಹತ್ತಿ ಇಳಿದು ಅವಳ ತೋಟದ ಮನೆಗೆ ಬರುತ್ತಿತ್ತು. ಭದ್ರಾವತಿ ನಡುನಡುವೆ ಬಾಯಿ ಹಾಕುತ್ತಿತ್ತು. ಮಳೆಗಾಲದಲ್ಲಿ ಸಿಡಿಲಿನ ಕರಕರ ಬೇರೆ. ಕಾರವಾರದ 102.3 ಎಫ್‌ಎಂ ಅಲೆ ಮೂರು ಮೀಟರ್ ಕೂಡ ಇಲ್ಲ. ಸ್ವಚ್ಛ ಕೇಳುತ್ತದೆ, ಆದರೆ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗೀತು. ಕಾರವಾರಕ್ಕೆ ಬಂದ ಮೇಲೆ ಆಯಿ ಊರಿನ ಜೊತೆ ರೇಡಿಯೊವನ್ನೂ ಬದಲಿಸಬೇಕಾಯಿತು. ಊರು ಬಿಟ್ಟದ್ದಕ್ಕೆ ಅತ್ತಳೋ ಇಲ್ಲವೋ ಗೊತ್ತಿಲ್ಲ, ಧಾರವಾಡ ಸಿಗುವುದಿಲ್ಲ ಅಂತ ಮಾತ್ರ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು.

ಈಗ ಎಷ್ಟು ಹೊಂದಿಕೊಂಡಿದ್ದಾಳೆ ಅಂದರೆ, ಜನ್ಮದಲ್ಲಿ ಮೀನು ಮುಟ್ಟದವಳು ಮೀನುಗಾರರ ಹವಾಮಾನ ಮುನ್ಸೂಚನೆಯನ್ನು ಬಿಡದೆ ಕೇಳುತ್ತಾಳೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ ಅನ್ನೋದು ಅವಳಿಗೆ ಏಕಾದಶಿಯಷ್ಟೇ ಬಾಯಿಪಾಠ. ಕೋಡಿಬಾಗದ ನಮ್ಮ ಬೀದಿಯಲ್ಲಿ ಬುಟ್ಟಿ ಹೊತ್ತು ಬರುವ ಬಾಯಮ್ಮನನ್ನು ಕಾಂಪೌಂಡಿನ ಒಳಗಿಂದಲೇ, ಮೂಗಿಗೆ ಸೆರಗು ಹಿಡಿದು, ವಿಚಾರಿಸುತ್ತಾಳೆ. "ಗಾಳಿ ಜೋರಿದೆ, ಸಮುದ್ರಕ್ಕೆ ಹೋಗ್ಬೇಡಿ ಅಂದಿದ್ದಾರೆ. ನಿಮ್ಮನೆಯವ್ರು ಹೋದ್ರಾ?"

"ಹೋಗ್ಲಿಲ್ರಾ ಅಮ್ಮಾ, ಇದು ನಿನ್ನೇದೇ..." ಅಂದುಬಿಟ್ಟಳು ಒಮ್ಮೆ ಅವಳು. ಪಕ್ಕದ ಮನೆಯಾಕೆ ಬಂಗಡೆ ಆರಿಸುತ್ತಿದ್ದವರು ಕೈ ಹಿಂದಕ್ಕೆ ತೆಗೆದರು. ಅಂದಿನಿಂದ ಬಾಯಮ್ಮ ನಮ್ಮ ಮನೆ ಮುಂದೆ ಸ್ವಲ್ಪ ಬೇಗ ನಡೆಯುತ್ತಾಳೆ.

ಈ ಅರ್ಧ ನಿಮಿಷದ ಬಗ್ಗೆ ನನಗೊಂದು ವಿಚಾರ ಹೊಳೆದಿದೆ, ಅದನ್ನು ಹೇಳೋದಕ್ಕೇ ಕೂತದ್ದು. ಅದಕ್ಕೆ ಮುಂಚೆ ಗೋವಾದ ಸುದ್ದಿ. ಕಾಳಿ ಸೇತುವೆ ದಾಟಿ ಸದಾಶಿವಗಡದ ಆಚೆ ಹೋದರೆ ಕಾರಿನ ರೇಡಿಯೊ ತಾನಾಗಿ ಕೊಂಕಣಿಗೆ ತಿರುಗುತ್ತದೆ. ನನ್ನ ಅಳಿಯನಿಗೆ ಇದೊಂದು ತಮಾಷೆ. ಬೆಂಗಳೂರಿನವನು. "ನಿಮ್ಮೂರಲ್ಲಿ ಗೋವಾದ ರೇಡಿಯೊನೇ ಜೋರು ಬಿಡಿ ಮಾವ, ನಿಮ್ಮ ಜಿಲ್ಲೆಯಲ್ಲಿ ಏನಿದೆ ಕಾಡು ಬಿಟ್ಟರೆ" ಅಂದ. ನನಗೆ ಸುಮ್ನೆ ಇರಲು ಆಗಲಿಲ್ಲ. ಕಾಡೇ ಮಾತಾಡಿದ್ದು ಇವನಿಗೆ ಗೊತ್ತಿಲ್ಲವಲ್ಲ!

ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಅಲ್ಲಿ ಅವರದೇ ರೇಡಿಯೊ ಇತ್ತು, ಎಮಿಸೋರಾ ದ ಗೋವಾ ಅಂತ. ಅದು ಹೇಳಿದ್ದೇ ಸುದ್ದಿ. ಪತ್ರಿಕೆಗಳಿಗೆ ಕತ್ತರಿ, ಸತ್ಯಾಗ್ರಹಿಗಳಿಗೆ ಜೈಲು. ಹಾಗಿರುವಾಗ 1955ರ ನವೆಂಬರ್ 25ರಂದು ಗಡಿಯ ಈಚೆಯ ಕಾಡಿನಿಂದ ಇನ್ನೊಂದು ದನಿ ಎದ್ದಿತು, ಪೋರ್ಚುಗೀಸಿನಲ್ಲಿ ಮತ್ತು ಕೊಂಕಣಿಯಲ್ಲಿ. ಸ್ವಾತಂತ್ರ್ಯದ ದನಿ ಅಂತಲೇ ಅದರ ಹೆಸರು. ಮುಂದೆ ನಿಂತು ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಮೊದಲು ಅಂಬೋಲಿ ಕಾಡು, ಆಮೇಲೆ ಕ್ಯಾಸಲ್‌ರಾಕ್. ನಮ್ಮ ಜೋಯಿಡಾದ ಕ್ಯಾಸಲ್‌ರಾಕ್ ಕಣ್ರೀ, ಈಗ ದೂಧಸಾಗರ ನೋಡಲು ಹೋಗುವವರು ಚಾ ಕುಡಿದು ಫೋಟೊ ತೆಗೆಸಿಕೊಳ್ಳುವ ಸ್ಟೇಷನ್ನು. ಆಗ ಅದು ಗಡಿ.

ಅವರಿಗೆ ಸ್ಟುಡಿಯೊ ಇರಲಿಲ್ಲ. ಒಂದು ಲಾರಿ, ಅದರಲ್ಲಿ ಟ್ರಾನ್ಸ್‌ಮಿಟರು. ಆ ಕಾಡಿನ ಮಳೆ ನೋಡಿದವರಿಗೆ ಗೊತ್ತು, ಜೂನ್‌ನಲ್ಲಿ ಇಳಿದರೆ ಬಟ್ಟೆ ಒಣಗುವುದು ಅಕ್ಟೋಬರಿಗೆ, ಉಂಬಳ ಕಾಲಿಗೆ ಹತ್ತಿದ್ದು ಗೊತ್ತಾಗುವುದು ರಕ್ತ ಸುರಿದ ಮೇಲೆ. ಅಂಥಲ್ಲಿ ಆರು ವರ್ಷ! ಎದುರಿಗೆ ಕೇಳುಗರಿಲ್ಲ. ಕೇಳುವವರು ಗಡಿಯ ಆಚೆ, ಅದೂ ಬಾಗಿಲು ಹಾಕಿಕೊಂಡು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದಾಗ ಇಬ್ಬರೂ ವಿಮಾನ ಹತ್ತಿ, ಪಣಜಿಯ ಮೇಲೆ ಹಾರುತ್ತಾ, ಧ್ವನಿವರ್ಧಕದಲ್ಲಿ ಆ ಸುದ್ದಿಯನ್ನು ಸಾರಿದರು. ಆಕಾಶವಾಣಿ ಅಂದರೆ ಅಕ್ಷರಶಃ ಆಕಾಶದಿಂದಲೇ ವಾಣಿ! ಪೋರ್ಚುಗೀಸರ ಆ ರೇಡಿಯೊ ಪಣಜಿ ಆಕಾಶವಾಣಿ ಆಯಿತು. ಲಿಬಿಯಾ ಅವರಿಗೆ 2025ರಲ್ಲಿ, ನೂರು ದಾಟಿದ ಮೇಲೆ, ಪದ್ಮಶ್ರೀ ಘೋಷಣೆಯಾಯಿತು. ಅರ್ಧ ನಿಮಿಷ ತಡವಾದ ನನ್ನ ಫೋನನ್ನು ಬೈಯುತ್ತೇನೆ, ಅರವತ್ತು ವರ್ಷ ತಡವಾದದ್ದಕ್ಕೆ ಯಾರನ್ನು ಬೈಯಲಿ?

ಇಷ್ಟನ್ನೂ ಮಾಜಾಳಿಯಿಂದ ಕಾಣಕೋಣದವರೆಗೆ ಹೇಳಿದೆ. ಅಳಿಯ "ಓಹ್, ನೈಸ್ ಮಾವ" ಅಂದು ಬ್ಲೂಟೂತ್ ಹಾಕಿದ.

ಎಲ್ಲಿದ್ದೆ? ಹ್ಞಾಂ, ಅರ್ಧ ನಿಮಿಷ. ಅದನ್ನು ಬರೆಯೋಣ ಅಂತ ನಿನ್ನೆ ಕೂತಾಗಲೇ ಒಳಗಿನ ರೇಡಿಯೊ ಗೊರಗೊರ ಅಂದು ನಿಂತಿತು. ಸೆಲ್ಲು ಮುಗಿದಿತ್ತು. ಪೇಟೆಗೆ ಹೋದೆ. ಮೊದಲ ಅಂಗಡಿಯಲ್ಲಿ ಸಣ್ಣ ಸೆಲ್ಲು ಕೊಟ್ಟು "ರಿಮೋಟಿಗಾ?" ಅಂದರು. ಎರಡನೆಯದರಲ್ಲಿ "ಗಡಿಯಾರಕ್ಕಾ?" ದೊಡ್ಡ ಸೆಲ್ಲು, ರೇಡಿಯೊಕ್ಕೆ ಅಂದೆ. "ರೇಡಿಯೊ ಈಗ ಫೋನಲ್ಲೇ ಬರ್ತದಲ್ಲ ಸರ್" ಅಂತ ನನಗೇ ಬುದ್ಧಿ ಹೇಳಿದ. ಅರ್ಧ ನಿಮಿಷ ತಡವಾಗಿ ಬರ್ತದೆ ಮಾರಾಯಾ ಅಂದರೆ "ಅರ್ಧ ನಿಮಿಷದಲ್ಲಿ ಏನ್ ಹೋಗ್ತದೆ ಸರ್?" ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಆದರೆ ಅವನು ಅಷ್ಟರಲ್ಲಿ ಇನ್ನೊಬ್ಬರಿಗೆ ಚಾರ್ಜರ್ ತೋರಿಸುತ್ತಿದ್ದ. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು, ಧೂಳು ಒರೆಸಿ ಕೊಟ್ಟರು.

ಮನೆಗೆ ಬಂದರೆ ರೇಡಿಯೊ ಆಗಲೇ ಹಾಡುತ್ತಿತ್ತು. ಆಯಿ ಹಳೆ ಸೆಲ್ಲುಗಳನ್ನೇ ಅಂಗಳದಲ್ಲಿ, ಹಲಸಿನ ಹಪ್ಪಳದ ಚಾಪೆಯ ಮೂಲೆಯಲ್ಲಿ, ಬಿಸಿಲಿಗಿಟ್ಟು ಹಾಕಿದ್ದಳು. ಹೊಸದನ್ನು ಡಬ್ಬಿಗೆ ಸೇರಿಸಿದಳು. "ಇವು ಇನ್ನೂ ಎರಡು ದಿನ ಬತ್ತು. ನೀ ಫೋನು ಬಂದ್ ಮಾಡು, ವಾರ್ತೆ ಬಂತು."