ನುಸಿಗೆ ಹೊಗೆ, ಮೆಂಬರರಿಗೆ ಫೋಟೋ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ವಾರ್ಡಿಗೆ ನುಸಿ, ಅಂದರೆ ಸೊಳ್ಳೆ ಕೊಲ್ಲಲು ಹೊಗೆ ಬಿಡುವ ಫಾಗಿಂಗ್ ಮೆಷಿನ್ ಬಂದದ್ದು ಬೆಳಗ್ಗೆ 11 ಗಂಟೆಗೆ. ಅದು ನುಸಿ ಏಳುವ ಹೊತ್ತಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಕತ್ತಲಾದ ಮೇಲೆ ಕೆಲಸಕ್ಕೆ ಇಳಿಯುತ್ತದೆ. ಬೆಳಗಾಗುವಾಗ ಹಟ್ಟಿಯ ಮೂಲೆಯಲ್ಲೋ ಮಂಚದ ಅಡಿಯಲ್ಲೋ ಸುಮ್ನೆ ಕೂತುಬಿಡುತ್ತದೆ. ಆದರೆ ಮೆಂಬರರಿಗೆ ಪುರುಸೊತ್ತು ಸಿಗುವುದು 11ಕ್ಕೆ. ರಾತ್ರಿಯಾದರೆ ಫೋಟೋ ಸರಿ ಬರುವುದಿಲ್ಲ ಅಲ್ವಾ?

ಯಕ್ಷಗಾನ ನೋಡಿ ಬೆಳೆದ ನಮಗೆ ಈ ದೃಶ್ಯ ಹೊಸದಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ದೊಂದಿಗೆ ರಾಳ ಎರಚುತ್ತಾರೆ. ಭಗ್ ಎಂದು ಬೆಂಕಿ, ಮೇಲೆ ಹೊಗೆ, ಚೆಂಡೆಯ ಪೆಟ್ಟು, ಎದುರು ಕೂತ ಮಕ್ಕಳು ಅಮ್ಮನ ಸೆರಗಿನೊಳಗೆ. ಫಾಗಿಂಗೂ ಥೇಟ್ ಹಾಗೆಯೇ. ಮೆಷಿನ್ನಿನ ಗಡಗಡವೇ ಚೆಂಡೆ, ಡೀಸೆಲ್ ಬೆರೆತ ಮದ್ದೇ ರಾಳ. ಒಂದೇ ವ್ಯತ್ಯಾಸ. ಆಟದಲ್ಲಿ ಹೊಗೆ ಕರಗಿದ ಮೇಲೆ ರಾಕ್ಷಸ ಎದುರಲ್ಲೇ ನಿಂತಿರುತ್ತಾನೆ. ಇಲ್ಲಿ ಹೊಗೆ ಕರಗಿದ ಮೇಲೆ ಕಾಣುವುದು ಕೆಮ್ಮುತ್ತಿರುವ ಗೂಡಂಗಡಿಯವರು. ರಾಕ್ಷಸ ಇನ್ನೂ ವೇಷ ಕಟ್ಟುವ ಚೌಕಿಯಲ್ಲೇ ಇದ್ದಾನೆ. ಹೊಗೆಗೆ ಸಾಯುವುದು ಆ ಕ್ಷಣ ಹಾರುತ್ತಿರುವ ನುಸಿ ಮಾತ್ರ. ನೀರಿನಲ್ಲಿರುವ ಅದರ ಮರಿಗಳಿಗೆ ಹೊಗೆ ಬಂದದ್ದೂ ಗೊತ್ತಿಲ್ಲ, ಮೆಂಬರರು ಬಂದದ್ದೂ ಗೊತ್ತಿಲ್ಲ.

ಮದ್ದು ಬಿಡುವುದೆಂದರೆ ನಮ್ಮ ಜಿಲ್ಲೆಯಲ್ಲಿ ಪೂರಾ ನಗುವ ವಿಷಯವೂ ಅಲ್ಲ. ಇಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಯಾವ ಕೀಟಕ್ಕೆ ಗೊತ್ತಾ? ಟೀ ಸೊಳ್ಳೆಗೆ. ಅದು ಸೊಳ್ಳೆಯೇ ಅಲ್ಲ, ಹೆಸರು ಮಾತ್ರ. ಅದರ ಲೆಕ್ಕವನ್ನು ಇವತ್ತಿಗೂ ಮನುಷ್ಯರು ಕಟ್ಟುತ್ತಿದ್ದಾರೆ. ಇದರ ಮೇಲೆ ತಮಾಷೆ ಮಾಡಲು ನನಗೆ ಬಾಯಿ ಬರುವುದಿಲ್ಲ.

ಸರಕಾರಕ್ಕೆ ಗೊತ್ತಿಲ್ಲ ಎಂದಲ್ಲ. ಮೊಟ್ಟೆಯಿಂದ ನುಸಿಯಾಗಿ ಹಾರಲು ಒಂದು ವಾರವಾದರೂ ಬೇಕು. ಹಾಗಾಗಿ ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿದರೆ ಕಥೆ ಮುಗಿಯಿತು. ಕೇರಳದಲ್ಲಿ ಇದಕ್ಕೆ ‘ಡ್ರೈ ಡೇ’ ಎಂದು ಹೆಸರಿಟ್ಟರು. ಶುಕ್ರವಾರ ಶಾಲೆಗೆ, ಶನಿವಾರ ಆಫೀಸಿಗೆ, ಭಾನುವಾರ ಮನೆಗೆ. ಹೆಸರಿಟ್ಟವರು ಒಂದು ಸಂಗತಿ ಮರೆತರು. ಇಲ್ಲಿ ಡ್ರೈ ಡೇ ಎಂದರೆ ತಿಂಗಳ 1ನೇ ತಾರೀಕು, ಬೆವರೇಜಸ್, ಅಂದರೆ ಸರಕಾರಿ ಮದ್ಯದಂಗಡಿ, ಬಂದ್. ಮೈಕಿನಲ್ಲಿ ‘ನಾಳೆ ಡ್ರೈ ಡೇ, ಎಲ್ಲರೂ ಸಹಕರಿಸಿ’ ಎಂದು ಜೀಪು ಕೂಗಿಕೊಂಡು ಹೋದದ್ದೇ ತಡ, ನಮ್ಮ ಪಕ್ಕದಮನೆ ಭಾವ ಚೀಲ ಹಿಡಿದು ಹೊರಟರು. ನೀರು ಚೆಲ್ಲಲಿಕ್ಕಲ್ಲ.

ಬೋರ್ಡಿನ ಕಥೆ ಇನ್ನೂ ಚೆಂದ. 1953ರಲ್ಲಿ ದೇಶದಲ್ಲಿ ಮಲೇರಿಯಾ ‘ನಿಯಂತ್ರಣ’ ಕಾರ್ಯಕ್ರಮ ಶುರುವಾಯಿತು. ಡಿಡಿಟಿ ಹೊಡೆದರು, ಜ್ವರ ಇಳಿಯಿತು. ಖುಷಿಯಲ್ಲಿ 1958ರಲ್ಲಿ ಬೋರ್ಡು ಬದಲಿಸಿ ‘ನಿರ್ಮೂಲನ’ ಎಂದು ಬರೆದರು. 1965ರ ಹೊತ್ತಿಗೆ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿದಿತ್ತು, ಸುಳ್ಳಲ್ಲ. ಆಮೇಲೆ ಕೈ ಸಡಿಲವಾಯಿತು, ನುಸಿಗೆ ಡಿಡಿಟಿ ಅಭ್ಯಾಸವಾಯಿತು. 1976ರಲ್ಲಿ 64 ಲಕ್ಷ! 1999ರಲ್ಲಿ ಬೋರ್ಡು ಮತ್ತೆ ಬದಲಾಗಿ ಮಲೇರಿಯಾ ‘ವಿರೋಧಿ’ ಎಂದಾಯಿತು. ನಿರ್ಮೂಲನ ಮಾಡಲು ಹೊರಟವರು ವಿರೋಧ ವ್ಯಕ್ತಪಡಿಸುವ ಹಂತಕ್ಕೆ ಬಂದರು. ಈಗ 2030ರೊಳಗೆ ಮುಗಿಸುತ್ತೇವೆ ಎಂದಿದ್ದಾರೆ. ಬೋರ್ಡು ಬರೆಯುವವರಿಗೆ ಕೆಲಸ ತಪ್ಪಿಲ್ಲ.

ನಮ್ಮಲ್ಲಿ ಇದಕ್ಕೆ ಗಡಿಯ ಒಗ್ಗರಣೆಯೂ ಉಂಟು. ಇಲ್ಲಿ ಜ್ವರ ಬಂದರೆ ‘ಮಂಗಳೂರಿನಿಂದ ಬಂತು’, ಅಲ್ಲಿ ಬಂದರೆ ‘ಕೇರಳದಿಂದ ಬಂತು’. ಅನಾಫಿಲಿಸ್ ಸಾಮಾನ್ಯವಾಗಿ ಹುಟ್ಟಿದ ನೀರಿನಿಂದ ಎರಡು ಮೂರು ಕಿಲೋಮೀಟರಿನೊಳಗೇ ಸುತ್ತುತ್ತದೆ. ಗಡಿಯ ತಲಪಾಡಿ ದಾಟುವುದು ಮನುಷ್ಯರ ರಕ್ತದೊಳಗೆ ಕೂತ ರೋಗಾಣು, ಅದೂ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ. 2020ರಲ್ಲಿ ಕೊರೋನಾ ಎಂದು ಗಡಿ ರಸ್ತೆಗೆ ಮಣ್ಣು ಸುರಿದವರಿಗೆ ಮಲೇರಿಯಾಕ್ಕೂ ಅದೇ ಉಪಾಯ ಇನ್ನೂ ಹೊಳೆದಿಲ್ಲ, ಪುಣ್ಯ. ಗಡಿ ವಿವಾದದ ಮಹಾಜನ ವರದಿ ಪ್ರಕಾರ ಚಂದ್ರಗಿರಿ ಹೊಳೆಯ ಬಡಗಿನ ನುಸಿಗಳೆಲ್ಲ ಕರ್ನಾಟಕಕ್ಕೆ ಸೇರಬೇಕಾದವು ಎಂದು ನಮ್ಮ ಮೇಷ್ಟ್ರೊಬ್ಬರ ವಾದ. ಆದರೆ ಮನೆಗೆ ಬಂದ ಮಲೇರಿಯಾ ಕರಪತ್ರ ಮಲಯಾಳದಲ್ಲಿತ್ತು. ‘ಕೊತುಕ್’ ಎಂದರೆ ನಮ್ಮ ನುಸಿಯೇ, ತುಳುವಿನ ಉಮಿಲೇ ಎಂದು ತಿಳಿಯುವಷ್ಟರಲ್ಲಿ ಅದು ಕಚ್ಚಿ ಆಗಿತ್ತು.

ಒಮ್ಮೆ ಒಳ್ಳೆಯ ಕೆಲಸವೂ ಆಯಿತು. ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಬಾವಿಗೆ ಬಿಡಲು ಗಪ್ಪಿ ಮೀನು ತಂದಳು. ಅಜ್ಜಿ ಅಡ್ಡ ನಿಂತರು. “ಬಾವಿಗೆ ಮೀನಾ? ದೇವರ ಪೂಜೆಗೆ ನೀರು ಎಲ್ಲಿಂದ ತರುವುದು?”

“ತಿನ್ನಲಿಕ್ಕಲ್ಲ ಅಜ್ಜಿ. ಅದು ನುಸಿಯ ಮರಿ ತಿಂತದೆ.”

“ಹಾಗಾದರೆ ಅದೂ ಮಾಂಸ ತಿನ್ನುವುದೇ ಆಯಿತಲ್ಲ!”

ಗಂಡು ನುಸಿ ಹೂವಿನ ರಸ ಕುಡಿದು ಬದುಕುತ್ತದೆ, ರಕ್ತ ಬೇಕಾದ್ದು ಹೆಣ್ಣಿಗೆ ಮಾತ್ರ, ಅದೂ ಮೊಟ್ಟೆಗೋಸ್ಕರ ಎಂದು ನಾನು ಬಾಯಿ ಹಾಕಿದೆ. ಅಜ್ಜಿ ಕೂಡಲೇ ತೀರ್ಪು ಕೊಟ್ಟರು. “ಹಾಗಾದರೆ ಗಂಡುನುಸಿ ನಮ್ಮ ಪೈಕಿ.” ಮೀನು ಕೊನೆಗೆ ತೋಟದ ಕೆರೆಗೆ ಹೋಯಿತು.

ಈಗ ನನ್ನ ಕಥೆ. ಊರಲ್ಲಿ ಮಲೇರಿಯಾ ತರುವ ನುಸಿ ಯಾವುದು ಎಂದು ಓದುತ್ತಾ ಕೂತಿದ್ದೆ. ಅನಾಫಿಲಿಸ್ ಸ್ಟೆಫೆನ್ಸಿ ಎಂದು ಒಂದುಂಟು. ಕೊಳಚೆ ಅದಕ್ಕೆ ಆಗುವುದಿಲ್ಲ. ಬಾವಿ, ಕಟ್ಟುತ್ತಿರುವ ಮನೆಯ ತೊಟ್ಟಿ, ಮುಚ್ಚಳವಿಲ್ಲದ ಟಾಂಕಿ, ಹೀಗೆ ಶುದ್ಧ ನೀರೇ ಬೇಕು. ನಮ್ಮವರು ಗಲ್ಫಿಗೆ ಹೋದ ಹಾಗೆ ಇದೂ ಹೊರಟು 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ವೀಸಾ ಇಲ್ಲದೆ ಅಲ್ಲಿಯ ಪೇಟೆಗಳಲ್ಲಿ ಸೆಟ್ಲ್ ಆಗುತ್ತಿದೆ, ವಿಜ್ಞಾನಿಗಳು ತಲೆಗೆ ಕೈ ಇಟ್ಟಿದ್ದಾರೆ. ಅಷ್ಟು ಓದುವಾಗ ನೆನಪಾಯಿತು, ಮೇ ತಿಂಗಳ ಗಾಳಿಗೆ ನಮ್ಮ ಟಾಂಕಿಯ ಮುಚ್ಚಳ ಹಾರಿ ಅಡಿಕೆ ತೋಟಕ್ಕೆ ಬಿದ್ದದ್ದು ಇನ್ನೂ ಅಲ್ಲೇ ಇದೆ.

ಏಣಿ ಹತ್ತಿ ಟಾರ್ಚ್ ಬಿಟ್ಟೆ. ಕ್ಯೂಲೆಕ್ಸ್ ಎಂಬ ಬೇರೆ ಜಾತಿಯ ನುಸಿಯ ಮರಿ ತಲೆ ಕೆಳಗೆ ಮಾಡಿ ನೇತಾಡುತ್ತದೆ. ಅನಾಫಿಲಿಸ್ ಮರಿ ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡ ಮಲಗುತ್ತದೆ. ನನ್ನ ಟಾಂಕಿಯಲ್ಲಿ ಎಲ್ಲವೂ ಅಡ್ಡ ಮಲಗಿದ್ದವು.

ಮರ್ಯಾದೆ ಬಿಟ್ಟು ಮೆಂಬರರಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಭಾರೀ ಉತ್ಸಾಹ.

“ಟಾಂಕಿಯ ಒಳಗೇ ಹೊಗೆ ಬಿಡುವಾ ಅಣ್ಣ. ನಾಡಿದ್ದು 11ಕ್ಕೆ ಬರ್ತೇನೆ. ನೀವು ಏಣಿಯ ಮೇಲೆ ನಿಂತಿರಿ, ಮುಖದ ಮೇಲೆ ಬೆಳಕು ಲಾಯ್ಕ ಬೀಳ್ತದೆ.”