ಸಹಿ ಕಲಿಸಿ ಕೈತೊಳೆದುಕೊಳ್ಳುವ ಸಾಕ್ಷರತೆ

ಸೆಪ್ಟೆಂಬರ್ 8 ಹತ್ತಿರ ಬಂದರೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಸಾಕ್ಷರತಾ ದಿನದ ವೇದಿಕೆಗೆ ಅಜ್ಜಿಯೊಬ್ಬರನ್ನು ಹತ್ತಿಸಿ, ಕೈಗೆ ಸೀಮೆಸುಣ್ಣ ಕೊಟ್ಟು, ಕಪ್ಪುಹಲಗೆಯ ಮೇಲೆ ಹೆಸರು ಬರೆಸಿ, ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಾರೆ. ಹೆಬ್ಬೆಟ್ಟಿನಿಂದ ಬಿಡುಗಡೆಯಂತೆ. ಬ್ಯಾಂಕಿನ ಕೌಂಟರಿನ ಒಳಗಡೆ ಕುಳಿತೇ ಆಯುಷ್ಯ ಸವೆಸಿ ನಿವೃತ್ತನಾದ ನನಗೆ ಈ ಬಿಡುಗಡೆಯ ಬಗ್ಗೆ ದೊಡ್ಡ ಅನುಮಾನವಿದೆ.

ಸಾಲದ ಪತ್ರಕ್ಕೆ ಹೆಬ್ಬೆಟ್ಟು ಬೀಳಬೇಕಾದರೆ ಅದರಲ್ಲಿರುವುದನ್ನು ಒತ್ತುವವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು, ಪಕ್ಕದಲ್ಲಿ ಸಾಕ್ಷಿ ಇರಬೇಕು. ಎಲ್ಲ ಕಡೆಯೂ ಇದು ಶ್ರದ್ಧೆಯಿಂದ ನಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೂ ಶಾಯಿ ಹಚ್ಚಿದ ಬೆರಳು ಕಂಡರೆ ಮೇಜಿನ ಈಚೆ ಕುಳಿತವನು ಒಂದು ಗಳಿಗೆ ನಿಧಾನಿಸುತ್ತಿದ್ದ. ಅದೇ ಹೆಂಗಸು ಸೊಟ್ಟಸೊಟ್ಟಗೆ ಹೆಸರು ಬರೆದರೋ, ಮುಗಿಯಿತು. ಓದಿ, ಒಪ್ಪಿ, ಸಹಿ ಹಾಕಿದ್ದಾರೆ ಎಂದು ಲೆಕ್ಕ. ಮೂರಕ್ಷರದ ಹೆಸರಿನ ಆಚೆಗೆ ಒಂದು ಸಾಲೂ ಓದಲು ಬಾರದವರು ಕಾನೂನಿನ ಕಣ್ಣಿಗೆ ಓದು ಬಲ್ಲವರಾಗಿಬಿಡುತ್ತಾರೆ.

ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಈಗ ಸಹಿ ಹೆಚ್ಚಾಗಿ ಬೀಳುತ್ತಿರುವುದು ಕಿರುಸಾಲದ ಕಾಗದಗಳ ಮೇಲೆ. ಒಬ್ಬರಿಗೆ ಇನ್ನೊಬ್ಬರು ಜಾಮೀನು, ವಾರದ ಕಂತು. ವಸೂಲಿಯ ಕಾಟ ಮಿತಿಮೀರಿದ್ದರಿಂದಲೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ರಿಸರ್ವ್ ಬ್ಯಾಂಕಿನ 2022ರ ನಿಯಮಗಳೂ ಸಾಲಗಾರರ ಪರವಾಗಿಯೇ ಇವೆ: ಬಡ್ಡಿ, ಕಂತಿನ ವಿವರವಿರುವ ಕಾರ್ಡು ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟಬಾರದು. ಸರಿ, ಕಾರ್ಡು ಕನ್ನಡದಲ್ಲೇ ಬಂತು ಎಂದುಕೊಳ್ಳಿ. ಓದುವವರು ಯಾರು? ಏಳನೇ ತರಗತಿಯ ಮಗಳು. ಅವಳಿಗೆ ಅಕ್ಷರ ಗೊತ್ತು, ಬಡ್ಡಿ ಗೊತ್ತಿಲ್ಲ. ಅಮ್ಮನಿಗೆ ಬಡ್ಡಿ ಚೆನ್ನಾಗಿ ಗೊತ್ತು, ಅಕ್ಷರ ಗೊತ್ತಿಲ್ಲ.

ಅಕ್ಷರ ಕಲಿಸಲು ಬರುವ ಸ್ವಯಂಸೇವಕರು ಗಮನಿಸದೆ ಹೋಗುವುದು ಇದನ್ನೇ. ನಮ್ಮ ಸಂಜೆ ತರಗತಿಗೆ ಬರುವ ಹೆಂಗಸರು ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಹತ್ತು ಸಾವಿರಕ್ಕೆ ಆರು ತಿಂಗಳಿಗೆ ಎಷ್ಟೆಂದು ನಾನು ಬಾಯಿ ತೆರೆಯುವುದರೊಳಗೆ ಹೇಳುತ್ತಾರೆ. ಕಾರ್ಡಿನಲ್ಲಿ ‘ವಾರ್ಷಿಕ ಶೇ 24’ ಎಂದು ಕಂಡರೆ ಮಾತ್ರ ಗಾಬರಿ. ಎರಡೂ ಒಂದೇ ಎಂದು ಬಿಡಿಸಿ ತೋರಿಸಿದ ಸಂಜೆ ಒಬ್ಬರು, “ಹಾಗಾದರೆ ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಸಾರ್?” ಎಂದು ನನ್ನನ್ನೇ ದಬಾಯಿಸಿದರು. ದಬಾಯಿಸುವಷ್ಟು ಧೈರ್ಯ ಬಂದದ್ದು ನನಗೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡದಾಗಿ ಕಂಡಿತು.

ಸಾಗರ ಸೀಮೆಯವರಿಗೆ ನೆನಪಿಸಬೇಕಾಗಿಲ್ಲ, 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜಗಳ ಶುರುವಾದದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ಒಡೆಯರ ಕೊಳಗ ದೊಡ್ಡದು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇವತ್ತಿನ ಅಳತೆ ಕಾಗದದ ಮೇಲಿದೆ, ಓದಲು ಬಾರದಿದ್ದರೆ ಕಾಣುವುದೇ ಇಲ್ಲ.

ಹಾಗಾಗಿ ಅ ಆ ಇ ಈ ಚಾರ್ಟು ಗೋಡೆಗೆ ಅಂಟಿಸಿ ಪಾಠ ಶುರು ಮಾಡುವುದನ್ನು ನಾನು ಬಿಟ್ಟಿದ್ದೇನೆ. ನಮ್ಮ ಮೊದಲ ಪಾಠಪುಸ್ತಕ ಬಸ್ಸಿನ ಬೋರ್ಡು. 2023ರ ಜೂನ್‌ನಿಂದ ಟಿಕೆಟ್ಟಿನ ಚಿಂತೆ ಇಲ್ಲದೆ ಓಡಾಡುವ ಹೆಂಗಸರಿಗೆ ಅದನ್ನು ಓದುವ ಆಸೆಯೂ ಇದೆ. ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರೇ ಸೊಗಸಾದ ಪಾಠಮಾಲೆ: ಸಾಗರ, ಸೊರಬ, ಹೊಸನಗರ, ಶಿಕಾರಿಪುರ, ಈ ನಾಲ್ಕರಲ್ಲಿ ಒಂದೂ ಒತ್ತಕ್ಷರವಿಲ್ಲ. ಆಮೇಲೆ ಶಿವಮೊಗ್ಗ, ಭದ್ರಾವತಿ. ತೀರ್ಥಹಳ್ಳಿ ಕಟ್ಟಕಡೆಗೆ, ಅರ್ಕಾವೊತ್ತು ದಾಟಿದವರು ಏನನ್ನಾದರೂ ದಾಟುತ್ತಾರೆ. (ತೀರ್ಥಹಳ್ಳಿಯವರು ಬೇಸರ ಮಾಡಿಕೊಳ್ಳಬಾರದು.) ಅಂಕಿಗಳಲ್ಲಿ ನನ್ನದು ಇನ್ನೂ ಹಟ. ಮೊದಲು 1, 2, 3. ಮೊಬೈಲ್ ಒತ್ತಿ ಒತ್ತಿ ಅವು ಅರ್ಧ ಪರಿಚಯವಾಗಿವೆ, ಪಾಸ್‌ಬುಕ್ಕಿನಲ್ಲಿರುವುದೂ ಅವೇ. ೧, ೨, ೩ ಆಮೇಲೆ ಬರಲಿ, ಕನ್ನಡಕ್ಕೇನೂ ಅವಮಾನವಿಲ್ಲ.

ಇನ್ನೊಂದು ಸಂಗತಿ, ಚಾಳೀಸು. “ನನ್ನ ತಲೆಗೆ ಹತ್ತುವುದಿಲ್ಲ” ಎಂದು ಹಿಂದೆ ಸರಿಯುವ ನಲವತ್ತೈದರ ಹೆಂಗಸಿಗೆ ತಲೆಯಲ್ಲಿ ಕೊರತೆಯಿಲ್ಲ, ಹತ್ತಿರದ್ದು ಮಸುಕಾಗಿದೆ ಅಷ್ಟೆ. ಕಣ್ಣು ಪರೀಕ್ಷೆ ಮಾಡಿಸದೆ ಪಾಟಿ ಹಂಚುವವರನ್ನು ಕಂಡರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕೇಂದ್ರದ ‘ಉಲ್ಲಾಸ್’ ಕಾರ್ಯಕ್ರಮ 2022ರಿಂದ 2027ರವರೆಗೆ ಇದೆ. ಹದಿನೈದು ದಾಟಿದವರಿಗೆ, ಸಂಬಳವಿಲ್ಲದ ಸ್ವಯಂಸೇವಕರಿಂದ ಕಲಿಕೆ. ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ. ಹಣದ ವ್ಯವಹಾರದ ತಿಳಿವಳಿಕೆಯೂ ಅದರ ಗುರಿಗಳಲ್ಲಿದೆ. ಕಾಗದದ ಮೇಲೆ ನನ್ನ ತಕರಾರೇನೂ ಇಲ್ಲ. ತಕರಾರು ಇರುವುದು ಕ್ಯಾಲೆಂಡರಿನ ಬಗ್ಗೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಮಲೆನಾಡಿನಲ್ಲಿ ಸಂಜೆ ಎಂಬುದೇ ಇರುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವಾಗ ರಾತ್ರಿ ಎಷ್ಟು ಹೊತ್ತಾಗಿರುತ್ತದೋ, ಚೊಗರಿನ ಕಲೆ ಹತ್ತಿದ ಕೈಗೆ ಪೆನ್ಸಿಲು ಕೊಡುವುದು ಅನ್ಯಾಯ. ಕಾಲೇಜಿನ ಹುಡುಗರು ಮಾತ್ರ ಪ್ರಮಾಣಪತ್ರದ ಅವಸರಕ್ಕೆ ಸರಿಯಾಗಿ ಡಿಸೆಂಬರಿನಲ್ಲೇ ಬರುತ್ತಾರೆ, ಖಾಲಿ ಅಂಗನವಾಡಿ ನೋಡಿ “ಜನರಿಗೆ ಆಸಕ್ತಿಯಿಲ್ಲ” ಎಂದು ವರದಿ ಬರೆದು ಹೋಗುತ್ತಾರೆ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 80 ದಾಟಿತ್ತು. ಓದಿ, ಬರೆದು, ಅರ್ಥ ಮಾಡಿಕೊಳ್ಳಬಲ್ಲವರನ್ನೇ ಸಾಕ್ಷರರೆಂದು ಬರೆದುಕೊಳ್ಳಬೇಕು ಎಂಬುದು ಗಣತಿಯ ನಿಯಮ. ಮನೆಬಾಗಿಲಲ್ಲಿ ನಿಂತು “ಓದು ಬರಹ ಬರುತ್ತದೆಯೇ?” ಎಂದು ಕೇಳಿದರೆ, ಸಹಿ ಹಾಕಲು ಬರುವವರು ನಾಲ್ಕು ಜನರೆದುರು ಇಲ್ಲ ಎನ್ನುತ್ತಾರೆಯೇ?

ನಮ್ಮ ತರಗತಿ ಮಳೆ ಹಿಡಿದ ಮೇಲೆ ಶುರುವಾಗಿ ಕೊಯ್ಲಿನ ತನಕ ನಡೆಯುತ್ತದೆ. ಕರೆಂಟು ಹೋಗುವುದು ಖಾತ್ರಿ, ಆದ್ದರಿಂದ ಚಾರ್ಜ್ ಆಗುವ ಲೈಟು ತರಬಲ್ಲವರಿಗೆ ಮೊದಲ ಸ್ವಾಗತ. ಒಂದು ವಾರಕ್ಕೆಂದು ಬರುವವರು ದಯವಿಟ್ಟು ಬರಬೇಡಿ. ಇಡೀ ಮಳೆಗಾಲ ವಾರಕ್ಕೆ ಎರಡು ಸಂಜೆ ಕೊಡುವವರು ಇಬ್ಬರು ಸಿಕ್ಕರೂ ಸಾಕು. ಬರುವಾಗ ನಿಮ್ಮ ಮನೆಯ ಹಳೆಯ ಕರೆಂಟ್ ಬಿಲ್ಲು, ಬ್ಯಾಂಕಿನ ಚಲನ್ನು, ಔಷಧಿ ಅಂಗಡಿಯ ರಸೀದಿ ಇದ್ದರೆ ಹೆಸರು, ನಂಬರು ಹರಿದು ಹಾಕಿ ತನ್ನಿ. ಪಠ್ಯಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ.